ಬಾವಿಯ ಲೆಕ್ಕ, ಮಲ್ಲಿಗೆಯ ಲೆಕ್ಕ: ಪರಿಸರದ ಕೇಸುಗಳಲ್ಲಿ ನಾವು ಎಲ್ಲಿ ಸೋಲುತ್ತೇವೆ

(ಉಡುಪಿಯಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ಕರಾವಳಿಯಲ್ಲಿ ಕರೆಂಟ್ ಬೇಡ ಅಂದವರು ಯಾರೂ ಇಲ್ಲ. ಬೆಳಗ್ಗೆ ಕಸದ ಗಾಡಿ ಬರುವುದು ಬೇಡ ಅಂದವರೂ ಇಲ್ಲ. ಯೆಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರ, ಮಂಗಳೂರಿನ ಪಚ್ಚನಾಡಿಯ ಡಂಪಿಂಗ್ ಯಾರ್ಡ್, ಇನ್ನಾ ಗ್ರಾಮದಲ್ಲಿ ಜನ ತಡೆದು ನಿಂತ 400 ಕೆವಿ ವಿದ್ಯುತ್ ಮಾರ್ಗ, ಈ ಮೂರೂ ಕಡೆ ಜಗಳ ಹುಟ್ಟಿದ್ದು ಬೇರೆ ಪ್ರಶ್ನೆಯಿಂದ. ಊರಿಗೆಲ್ಲ ಬೇಕಾದ ಒಂದು ಸೌಕರ್ಯದ ಹೊರೆ ನಾಲ್ಕೇ ಹಳ್ಳಿಗಳ ತಲೆ ಮೇಲೆ ಬಿದ್ದಾಗ, ಆ ಹಳ್ಳಿಯವರ ಕೈಯಲ್ಲಿ ಕಾನೂನು ಏನನ್ನು ಕೊಟ್ಟಿದೆ? ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ಕಾನೂನು ಕಡಿಮೆ ಇಲ್ಲ. 1974ರ ಜಲ ಕಾಯ್ದೆ ಇದೆ, 1981ರ ವಾಯು ಕಾಯ್ದೆ ಇದೆ, ಭೋಪಾಲ್ ದುರಂತದ ನಂತರ ಬಂದ 1986ರ ಪರಿಸರ ಸಂರಕ್ಷಣಾ ಕಾಯ್ದೆ ಇದೆ, ಪರಿಸರದ ವ್ಯಾಜ್ಯಗಳಿಗೆಂದೇ 2010ರಲ್ಲಿ ಬಂದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದೆ. ವಕೀಲಿಯಲ್ಲಿ ಇಂಥ ಕಡತಗಳನ್ನು ಓದುತ್ತಾ ಬಂದಂತೆ ನನಗೆ ಗಟ್ಟಿಯಾದ ಅಭಿಪ್ರಾಯ ಒಂದಿದೆ. ನಾವು ಸೋಲುವುದು ಕಾನೂನು ಇಲ್ಲದೆ ಅಲ್ಲ. 'ಮೊದಲು ಹೇಗಿತ್ತು' ಎಂದು ತೋರಿಸುವ ಕಾಗದ ಇಲ್ಲದೆ ಸೋಲುತ್ತೇವೆ. ಆ ಕಾಗದ ನಮ್ಮ ಮನೆಗಳಲ್ಲೇ ಇರುತ್ತದೆ, ಅದು ಕಾಗದ ಅಂತ ನಮಗೆ ಹೊಳೆಯುವುದಿಲ್ಲ, ಅಷ್ಟೆ.

ಯೆಲ್ಲೂರಿನ ಇಸವಿಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡೋಣ. ಯೋಜನೆಗೆ ಪರಿಸರ ಅನುಮತಿ ಸಿಕ್ಕಿದ್ದು 1997ರಲ್ಲಿ. ಆಗ ಅದು ನಾಗಾರ್ಜುನ ಕಂಪನಿಯ ಕೈಯಲ್ಲಿತ್ತು. ಅದೇ ಕಾಲದಲ್ಲಿ ನಂದಿಕೂರಿಗೆ ಬರಬೇಕಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1999ರ ಡಿಸೆಂಬರಿನಲ್ಲಿ ಹಿಂದೆ ಸರಿಯಿತು. ಆಮೇಲೆ ನಾಗಾರ್ಜುನದ ಜಾಗಕ್ಕೆ ಲ್ಯಾಂಕೊ ಬಂತು. 2010ರಲ್ಲಿ ಮೊದಲ ಘಟಕ, 2012ರಲ್ಲಿ ಎರಡನೆಯದು, ಒಟ್ಟು 1200 ಮೆಗಾವ್ಯಾಟ್. 2015ರಲ್ಲಿ ಸ್ಥಾವರ ಅದಾನಿ ಸಮೂಹದ ಪಾಲಾಯಿತು. ನಂದಿಕೂರು ಜನಜಾಗೃತಿ ಸಮಿತಿಯವರು ಬಿಡದೆ ಹೋರಾಡಿದ ಪ್ರಕರಣದಲ್ಲಿ ಹಸಿರು ನ್ಯಾಯಮಂಡಳಿ 2019ರ ಮಾರ್ಚ್‌ನಲ್ಲಿ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕಟ್ಟಲು ಹೇಳಿತು. 2022ರ ಮೇ 31ರಂದು ನ್ಯಾಯಮಂಡಳಿಯ ಚೆನ್ನೈ ಪೀಠ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರವನ್ನು ವಿಧಿಸಿತು.

1997ರಿಂದ 2022. ಅನುಮತಿ ಸಿಕ್ಕ ವರ್ಷ ಹುಟ್ಟಿದ ಮಗು ಓದು ಮುಗಿಸಿ ಕೆಲಸಕ್ಕೆ ಸೇರುವಷ್ಟು ಕಾಲ. ಸಮಿತಿಯವರ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಆದರೆ ಇಷ್ಟು ಕಾಲ ಯಾಕೆ ಬೇಕಾಯಿತು ಎಂದು ಕೇಳಲೇಬೇಕು.

ಈ ಸ್ಥಾವರಕ್ಕೆ ಕಲ್ಲಿದ್ದಲು ಹೊರದೇಶದಿಂದ ಬರುತ್ತದೆ. ಪಣಂಬೂರಿನ ಬಂದರಿನಲ್ಲಿ ಇಳಿದು, ಅಲ್ಲಿಂದ ರೈಲಿನಲ್ಲಿ ಯೆಲ್ಲೂರಿಗೆ. ಯಂತ್ರ ತಂಪು ಮಾಡಲು ಬಳಸುವುದು ಸಮುದ್ರದ ನೀರು. ಉರಿದು ಉಳಿದದ್ದು ಹಾರುಬೂದಿ, ಅದನ್ನು ತುಂಬಲು ಬೂದಿ ಹೊಂಡ. ಸುತ್ತಲಿನವರ ದೂರುಗಳು ನಿಮಗೆಲ್ಲ ಗೊತ್ತಿರುವಂಥವೇ. ಬಾವಿ ನೀರು ಉಪ್ಪಾಗಿದೆ. ಮಾಡಿನ ಮೇಲೆ, ಒಣಗಲು ಹಾಕಿದ ಬಟ್ಟೆ ಮೇಲೆ ಧೂಳು ಕೂರುತ್ತದೆ. ಮಲ್ಲಿಗೆ ಮೊಗ್ಗು ಸರಿಯಾಗಿ ನಿಲ್ಲುವುದಿಲ್ಲ, ಇಳುವರಿ ಇಳಿದಿದೆ.

ಈಗ ಇದೇ ದೂರು ಕೋರ್ಟಿಗೆ ಹೋಯಿತು ಅಂತ ಇಟ್ಟುಕೊಳ್ಳಿ. ಎದುರು ಪಕ್ಷದ ವಕೀಲರು ದೊಡ್ಡ ವಾದವನ್ನೇನೂ ಮಾಡಬೇಕಾಗಿಲ್ಲ. "ಇದು ಕರಾವಳಿ. ಸಮುದ್ರದ ಹತ್ತಿರದ ಬಾವಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪು ಬರುವುದು ಸಹಜ. ಸ್ಥಾವರ ಬರುವ ಮೊದಲು ಈ ಬಾವಿಯಲ್ಲಿ ಉಪ್ಪು ಇರಲಿಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ಏನಿದೆ?" ಇಷ್ಟು ಕೇಳಿದರೆ ಸಾಕು. ಮಲ್ಲಿಗೆಯ ವಿಷಯಕ್ಕೂ ಹಾಗೇ. "ಆ ವರ್ಷ ಮಳೆ ಜಾಸ್ತಿ. ಗಿಡಕ್ಕೆ ರೋಗ ಬಂದಿರಬಹುದು. ಗಿಡವೇ ಹಳತಾಗಿರಬಹುದು." ನಮ್ಮವರು ಎದ್ದು ನಿಂತು, "ಇಲ್ಲ ಸ್ವಾಮಿ, ನಮ್ಮ ಅಜ್ಜನ ಕಾಲದಿಂದ ಕುಡಿಯುತ್ತಿದ್ದ ನೀರು" ಎನ್ನುತ್ತಾರೆ. ಅದು ನಿಜವೇ ಇರುತ್ತದೆ. ಆದರೆ ಅಜ್ಜನ ಕಾಲದ ರುಚಿಗೆ ಲ್ಯಾಬಿನ ರಿಪೋರ್ಟ್ ಇಲ್ಲ.

ಬಾವಿಯ ಲೆಕ್ಕ ಇಲ್ಲದಿರಬಹುದು. ಮಲ್ಲಿಗೆಯ ಲೆಕ್ಕ ಇದೆಯಲ್ವಾ?

ಶಂಕರಪುರ, ಶಿರ್ವ, ಬಂಟಕಲ್ಲಿನ ಕಡೆಯವರು ಇಲ್ಲಿ ಇದ್ದೀರಿ. ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ದು, ಮನೆಯ ಹೆಂಗಸರು ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ಅಟ್ಟೆಯ (ನಾಲ್ಕು ಚೆಂಡಿಗೆ ಒಂದು ಅಟ್ಟೆ) ಲೆಕ್ಕದಲ್ಲಿ ಹೂವು ಕೊಳ್ಳುವ ಕಟ್ಟೆಗೆ ಕಳಿಸುತ್ತೀರಿ. ಅಲ್ಲಿ ಬರೆದುಕೊಳ್ಳುತ್ತಾರೆ, ಇಂಥವರ ಮನೆಯಿಂದ ಇಂದು ಇಷ್ಟು ಅಂತ. ನೀವೂ ಮನೆಯಲ್ಲಿ ಕ್ಯಾಲೆಂಡರಿನ ಮೇಲೋ ಮಕ್ಕಳ ಹಳೆ ನೋಟ್‌ಬುಕ್ಕಿನಲ್ಲೋ ಗೀಚಿಡುತ್ತೀರಿ, ಯಾಕೆಂದರೆ ದುಡ್ಡಿನ ಲೆಕ್ಕ ತಾಳೆ ಆಗಬೇಕು. ಹತ್ತು ವರ್ಷದ ಅಂಥ ಪುಸ್ತಕಗಳನ್ನು 20 ಮನೆಗಳಿಂದ ತಂದು ಒಟ್ಟಿಗೆ ಇಟ್ಟರೆ ಯಾವ ವರ್ಷದ ಯಾವ ತಿಂಗಳಲ್ಲಿ ಹೂವು ಎಷ್ಟು ಇಳಿಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಸ್ಥಾವರದಿಂದ ದೂರ ಇರುವ ಊರಿನ ಮನೆಗಳ ಪುಸ್ತಕವೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಮಳೆ ಎರಡೂ ಕಡೆ ಬಿದ್ದಿದೆ, ರೋಗ ಎರಡೂ ಕಡೆ ಬರಬಹುದಿತ್ತು, ಹಾಗಿದ್ದರೂ ಇಳುವರಿ ಒಂದೇ ಕಡೆ ಯಾಕೆ ಇಳಿಯಿತು? ಈಗ ಉತ್ತರ ಹೇಳಬೇಕಾದವರು ಎದುರಿನವರು.

ಹಾಲಿನ ಡೈರಿಯ ಪುಸ್ತಕವೂ ಹಾಗೇ. ದಿನಕ್ಕೆ ಎರಡು ಹೊತ್ತು, ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಲ್ಲ ಬರೆದಿರುತ್ತದೆ. ಅಡಿಕೆ ಮಾರಿದ ರಶೀದಿ, ಸೊಸೈಟಿಯಲ್ಲಿ ಬೆಳೆಸಾಲ ತೆಗೆದಾಗ ಕೊಟ್ಟ ವಿವರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಮ್ಮು, ದಮ್ಮಿಗೆ ಚೀಟಿ ಮಾಡಿಸಿದವರ ನೋಂದಣಿ, ಇವೆಲ್ಲ ಸಾಕ್ಷ್ಯ. ನಮ್ಮ ಜಿಲ್ಲೆಯವರು ಲೆಕ್ಕ ಬರೆಯುವುದರಲ್ಲಿ ಹಿಂದೆ ಬಿದ್ದವರಲ್ಲ. ಬ್ಯಾಂಕುಗಳನ್ನು ಕಟ್ಟಿದ ಊರು ಇದು.

ಕಾನೂನು ಇದಕ್ಕೆ ಜಾಗ ಮಾಡಿಯೇ ಇಟ್ಟಿದೆ. ಹಸಿರು ನ್ಯಾಯಮಂಡಳಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಯಾವ ಯಾವ ನಷ್ಟಕ್ಕೆ ಪರಿಹಾರ ಕೇಳಬಹುದು ಎಂಬ ಪಟ್ಟಿ ಇದೆ. ಬೆಳೆ, ತರಕಾರಿ, ಮರ, ತೋಟ, ಹಾಲು ಕೊಡುವ ಜಾನುವಾರು, ಎಲ್ಲ ಅದರಲ್ಲಿ ಬರುತ್ತವೆ. 17ನೇ ಸೆಕ್ಷನ್ ಪ್ರಕಾರ ಕಂಪನಿಯ ತಪ್ಪು ಇದೆಯೋ ಇಲ್ಲವೋ ಎಂದು ಸಾಬೀತು ಮಾಡಬೇಕಾಗಿಲ್ಲ. ನಷ್ಟ ಆದದ್ದು, ಅದು ಆ ಚಟುವಟಿಕೆಯಿಂದ ಆದದ್ದು, ಇವೆರಡನ್ನು ತೋರಿಸಿದರೆ ಆಯಿತು. ಸುತ್ತಮುತ್ತ ನಾಲ್ಕು ಕಾರ್ಖಾನೆ ಇದ್ದು ಯಾರಿಂದ ಎಷ್ಟು ಎಂದು ಬೇರ್ಪಡಿಸಲು ಆಗದಿದ್ದರೂ ಹೊಣೆಯನ್ನು ಅವರ ನಡುವೆ ಹಂಚುವ ಅಧಿಕಾರ ನ್ಯಾಯಮಂಡಳಿಗೆ ಇದೆ.

ಇಲ್ಲಿ ತುಂಬ ಜನ ಒಂದು ವಿಷಯವನ್ನು ತಪ್ಪು ತಿಳಿದುಕೊಳ್ಳುತ್ತಾರೆ. 52 ಕೋಟಿ ಎಂದು ಪೇಪರಿನಲ್ಲಿ ಬಂದ ದಿನ, "ಹಾಗಾದರೆ ನಮಗೆ ಎಷ್ಟು ಬರುತ್ತದೆ?" ಎಂದು ಕೇಳಿದವರಿದ್ದಾರೆ. ಪರಿಸರ ಪರಿಹಾರ ಎನ್ನುವುದು ಪರಿಸರಕ್ಕೆ ಮಾಡಿದ ಹಾನಿಯ ಬಾಬ್ತು. ಮಾಲಿನ್ಯ ಮಾಡಿದವರೇ ಬೆಲೆ ತೆರಬೇಕು ಎಂಬ ತತ್ವದ ಮೇಲೆ ವಸೂಲಾಗುವ ಹಣ ಅದು. ನಿಮ್ಮ ಬಾವಿ, ನಿಮ್ಮ ಮಲ್ಲಿಗೆ, ನಿಮ್ಮ ದನದ ನಷ್ಟಕ್ಕೆ ಹಸಿರು ನ್ಯಾಯಮಂಡಳಿ ಕಾಯ್ದೆಯ 15ನೇ ಸೆಕ್ಷನ್ನಿನಲ್ಲಿ ನೀವೇ ಅರ್ಜಿ ಹಾಕಬೇಕು. ಅದಕ್ಕೆ 5 ವರ್ಷದ ಗಡುವು. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಇನ್ನೊಂದು 60 ದಿನ ಸಿಗುತ್ತದೆ, ಅದರಾಚೆಗೆ ಇಲ್ಲ. ಸಮಿತಿ ಕೇಸು ನಡೆಸುತ್ತಿದೆ, ಗೆದ್ದರೆ ನಮಗೂ ಸಿಗುತ್ತದೆ ಎಂದು ಮನೆಯಲ್ಲೇ ಕೂತರೆ ಗಡುವು ದಾಟಿಹೋಗುತ್ತದೆ. ದಯವಿಟ್ಟು ಇದನ್ನು ನಿಮ್ಮ ನೆರೆಹೊರೆಯವರಿಗೂ ಹೇಳಿ.

ಈಗ ಇನ್ನೊಂದು ಕಾಗದ. ಪರಿಸರ ಅನುಮತಿಯ ಪತ್ರ. ತುಂಬ ಜನ ಇದನ್ನು 'ಕ್ಲಿಯರೆನ್ಸ್ ಸಿಕ್ಕಿತು' ಎಂಬ ಸುದ್ದಿಯಾಗಿ ಮಾತ್ರ ನೋಡಿರುತ್ತಾರೆ. ಪತ್ರ ತೆರೆದು ನೋಡಿದರೆ ಅದು ಷರತ್ತುಗಳ ಉದ್ದನೆಯ ಪಟ್ಟಿ. ಸುತ್ತ ಮರ ಬೆಳೆಸುವ ಹಸಿರು ಪಟ್ಟಿಯ ಅಗಲ ಎಷ್ಟಿರಬೇಕು, ಬೂದಿ ಹೊಂಡದ ತಳಕ್ಕೆ ಹೊದಿಕೆ ಹಾಕಬೇಕೋ, ಅಂತರ್ಜಲದ ಪರೀಕ್ಷೆ ಎಷ್ಟು ಸಲ, ಗಾಳಿ ಅಳೆಯುವ ಯಂತ್ರ ಎಲ್ಲಿ, ಎಲ್ಲ ಒಂದೊಂದಾಗಿ ಬರೆದಿರುತ್ತಾರೆ. ನಮ್ಮ ಪಾಲಿಗೆ ಆ ಪತ್ರ ಸೋಲಲ್ಲ. ಕಂಪನಿಯವರು ಒಪ್ಪಿ ತಲೆಬಾಗಿದ ಮಾತುಗಳು ಅದರಲ್ಲಿವೆ. ಕೇಸು ನಿಲ್ಲುವುದು ಬಹಳ ಸಲ ಅದೇ ಷರತ್ತುಗಳ ಮೇಲೆ.

2006ರ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಪ್ರಕಾರ ಷರತ್ತು ಪಾಲನೆಯ ವರದಿಯನ್ನು ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ಕಂಪನಿ ಕೊಡಬೇಕು. ಅದು ಸಾರ್ವಜನಿಕ ದಾಖಲೆ. ಊರಿನ ಹೈಸ್ಕೂಲು ಮೇಷ್ಟ್ರೊಬ್ಬರು ಕೂತು ಓದಿದರೂ ಅರ್ಥವಾಗುತ್ತದೆ. "ಷರತ್ತು ಪಾಲಿಸಲಾಗಿದೆ" ಎಂದು ಬರೆದಿರುವ ಕಡೆಗೆಲ್ಲ ನೀವು ಹೋಗಿ ಫೋಟೋ ತೆಗೆಯಬಹುದು. ಗಿಡ ನೆಟ್ಟಿದ್ದೇವೆ ಎಂದಿರುವ ಜಾಗದಲ್ಲಿ ಗಿಡ ಇದೆಯೋ ಇಲ್ಲವೋ ಹೇಳಲು ವಿಜ್ಞಾನಿ ಆಗಬೇಕಿಲ್ಲ.

ಅನುಮತಿಯನ್ನೇ ಪ್ರಶ್ನೆ ಮಾಡಬೇಕಿದ್ದರೆ ಸಮಯ ತೀರ ಕಡಿಮೆ. 30 ದಿನ, ಸಕಾರಣ ಇದ್ದರೆ ಇನ್ನು 60. ಒಟ್ಟು 90 ದಿನ ಕಳೆದರೆ ಬಾಗಿಲು ಮುಚ್ಚಿದ ಹಾಗೆಯೇ. ಅನುಮತಿ ಸಿಕ್ಕ ಬಗ್ಗೆ ಕಂಪನಿಯವರು ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು, ಒಂದು ಸ್ಥಳೀಯ ಭಾಷೆಯದ್ದಾಗಿರಬೇಕು. ಪಂಚಾಯತಿಗೂ ಪ್ರತಿ ಹೋಗಬೇಕು. ಆ ಪ್ರಕಟಣೆ ಒಳಪುಟದಲ್ಲಿ, ಟೆಂಡರುಗಳ ನಡುವೆ, ಸಣ್ಣ ಅಕ್ಷರದಲ್ಲಿ ಬರುತ್ತದೆ. ನಿಮ್ಮ ಊರಲ್ಲಿ ದೊಡ್ಡ ಯೋಜನೆ ಬರುವ ಸುದ್ದಿ ಇದ್ದರೆ ಆ ಪುಟವನ್ನು ದಿನಾ ನೋಡಲು ಒಬ್ಬರನ್ನು ಗೊತ್ತು ಮಾಡಿ. ಪಂಚಾಯತಿಯಲ್ಲೂ ವಾರಕ್ಕೊಮ್ಮೆ ವಿಚಾರಿಸಿ.

ಅದಕ್ಕೂ ಮೊದಲು ಬರುವುದು ಸಾರ್ವಜನಿಕ ಅಹವಾಲು ಸಭೆ. ಕನಿಷ್ಠ 30 ದಿನ ಮುಂಚೆ ನೋಟಿಸ್ ಕೊಡಬೇಕು, ಅಧ್ಯಯನ ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು, ಸಭೆಯನ್ನು ವಿಡಿಯೊ ಮಾಡಬೇಕು. ಪೆಂಡಾಲಿನ ಮುಂದಿನ ಸಾಲಿನಲ್ಲಿ ಅಧಿಕಾರಿಗಳು, ಹಿಂದೆ ಪೊಲೀಸರು, ನಡುವೆ ನಾವು. ಸಿಟ್ಟು ಬರುತ್ತದೆ, ಬರಲೇಬೇಕು. ಸಿಟ್ಟಿನಲ್ಲಿ ಸಭೆ ಬಹಿಷ್ಕರಿಸಿ ಹೊರಬರುವುದು ನಮ್ಮಲ್ಲಿ ರೂಢಿ. ಆದರೆ ಈ ಸಭೆಗೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು ಎಂಬುದೇ ಇಲ್ಲ. ನಾವು ಎದ್ದು ಹೋದರೆ ಉಳಿದವರ ಮಾತು ಮಾತ್ರ ದಾಖಲಾಗಿ ಸಭೆ ಮುಗಿಯುತ್ತದೆ. ಘೋಷಣೆ ಕೂಗಿ, ತಪ್ಪಲ್ಲ. ಆಮೇಲೆ ಮೈಕಿನ ಮುಂದೆ ನಿಂತು ನಿಮ್ಮ ಹೆಸರು, ಬಾವಿಯ ಜಾಗ, ಸರ್ವೆ ನಂಬರು ಹೇಳಿ. ಲಿಖಿತವಾಗಿಯೂ ಕೊಟ್ಟು ಸ್ವೀಕೃತಿ ಪಡೆಯಿರಿ. ಎತ್ತಿದ ಆಕ್ಷೇಪಕ್ಕೆ ಉತ್ತರ ಕೊಡದೆ ತಜ್ಞರ ಸಮಿತಿ ಅನುಮತಿಗೆ ಶಿಫಾರಸು ಮಾಡಿದರೆ, ಆ ಮೌನವೇ ಮುಂದೆ ಮೇಲ್ಮನವಿಗೆ ಆಧಾರ.

ಅನುಮತಿ ಪಡೆಯದೆಯೇ ಕಟ್ಟಿ, ಆಮೇಲೆ ಸಕ್ರಮ ಮಾಡಿಸಿಕೊಳ್ಳುವ ದಾರಿಯ ಬಗ್ಗೆಯೂ ಎರಡು ಮಾತು. 2017ರ ಅಧಿಸೂಚನೆಯೊಂದು ಆ ದಾರಿ ತೆರೆದಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದೇ ವರ್ಷ ನವೆಂಬರಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಇಬ್ಬರು ಒಂದು ಕಡೆ ಒಬ್ಬರು ಇನ್ನೊಂದು ಕಡೆಯಾಗಿ, ಆ ತೀರ್ಪನ್ನು ಹಿಂಪಡೆಯಿತು. ಕಟ್ಟಿದ ಮೇಲೆ ಕೊಡುವ ಅನುಮತಿ ಹಳ್ಳಿಯವರ ಪಾಲಿಗೆ ಅನುಮತಿಯೇ ಅಲ್ಲ ಎಂದು ನಾನು ನಂಬಿದ್ದೇನೆ. ಬೇಡ ಅನ್ನುವ ಆಯ್ಕೆ ಉಳಿದಿಲ್ಲದಾಗ ಅಹವಾಲು ಕೇಳಿ ಏನು ಪ್ರಯೋಜನ?

ನಿಯಮ ಸಡಿಲವಾಗುವುದು ಸದ್ದಿಲ್ಲದೆ. 2015ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಲ್ಲಿದ್ದಲು ಸ್ಥಾವರಗಳ ಹೊಗೆಗೆ ಬಿಗಿ ಮಿತಿ ಹಾಕಿತು, ಎರಡು ವರ್ಷದಲ್ಲಿ ಪಾಲಿಸಬೇಕು ಎಂದಿತು. ಗಂಧಕದ ಹೊಗೆ ತೊಳೆಯುವ ಯಂತ್ರದ ಗಡುವು ಮುಂದೆ ಮುಂದೆ ಹೋಯಿತು. 2025ರ ಜುಲೈಯಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಆ ಮಿತಿಯಿಂದ ವಿನಾಯಿತಿಯೇ ಸಿಕ್ಕಿತು. ದೆಹಲಿ ಸುತ್ತ ಮತ್ತು 10 ಲಕ್ಷಕ್ಕಿಂತ ಹೆಚ್ಚು ಜನ ಇರುವ ನಗರಗಳ ಹತ್ತಿರ ಇದ್ದರೆ ಕಡ್ಡಾಯ. ಹಳ್ಳಿಯ ಶ್ವಾಸಕೋಶಕ್ಕೂ ನಗರದ ಶ್ವಾಸಕೋಶಕ್ಕೂ ಏನು ವ್ಯತ್ಯಾಸ ಎಂದು ಕೇಳಬೇಕಾದ ಜಾಗ ಇದು. ಶಿಕ್ಷೆಯೂ ಹಾಗೆಯೇ ತೆಳುವಾಯಿತು. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲು 5 ವರ್ಷದವರೆಗೆ ಜೈಲು ಇತ್ತು. 2023ರ ಜನ ವಿಶ್ವಾಸ್ ಕಾಯ್ದೆ ಅದನ್ನು 10 ಸಾವಿರದಿಂದ 15 ಲಕ್ಷದವರೆಗಿನ ದಂಡವಾಗಿ ಬದಲಿಸಿತು. ಸಾವಿರಾರು ಕೋಟಿಯ ಕಂಪನಿಗೆ 15 ಲಕ್ಷ ಯಾವ ಲೆಕ್ಕ? ಆದ್ದರಿಂದಲೇ ನಷ್ಟ ಪರಿಹಾರದ ದಾರಿ ಈಗ ಮೊದಲಿಗಿಂತ ಮುಖ್ಯ. ಮಾಲಿನ್ಯ ನಿಯಂತ್ರಣ ಮಂಡಳಿಗಳೇ ಪರಿಹಾರ ವಸೂಲು ಮಾಡಬಹುದು ಎಂದು 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಒಂದು ಒಳ್ಳೆಯ ಬೆಳವಣಿಗೆ.

ಪಚ್ಚನಾಡಿಗೆ ಬರೋಣ. ಅಲ್ಲಿ ಎದುರು ಪಕ್ಷ ಕಂಪನಿ ಅಲ್ಲ. ನಾವೇ ಆರಿಸಿದ ಪಾಲಿಕೆ, ನಮ್ಮದೇ ಅಡುಗೆಮನೆಯ ಕಸ.

2019ರ ಆಗಸ್ಟ್‌ನ ಮಳೆಗೆ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮೇಲೆ ಹರಿಯಿತು. ಒಂದೇ ಕ್ಷಣದಲ್ಲಿ ಅಲ್ಲ, ದಿನಗಟ್ಟಲೆ ನಿಧಾನವಾಗಿ, ಮರಗಳನ್ನು ತಳ್ಳಿಕೊಂಡು ಬಂತು. ಅಡಿಕೆ, ತೆಂಗಿನ ತೋಟಗಳು ಪ್ಲಾಸ್ಟಿಕ್ಕಿನಡಿ ಹೋದವು. 20ಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ಕಸದಿಂದ ಒಸರುವ ಕಪ್ಪು ನೀರು ತೋಡು ಸೇರಿ ಫಲ್ಗುಣಿ ನದಿಯ ಕಡೆ ಹೋಯಿತು. ವಿಷಯ ಹೈಕೋರ್ಟಿನವರೆಗೂ ಹೋಯಿತು. ತೋಟ ಹೋದವರಿಗೆ ಮರದ ಲೆಕ್ಕದಲ್ಲಿ ಬೆಲೆ ಕಟ್ಟಬಹುದು. ಆದರೆ ನಮ್ಮಲ್ಲಿ ತೋಟ ಅಂದರೆ ಬರೇ ಮರ ಅಲ್ಲ. ಅದರ ಮೂಲೆಯಲ್ಲಿ ನಾಗಬನ ಇರುತ್ತದೆ, ತರವಾಡಿನ (ಕುಟುಂಬದ ಮೂಲಮನೆಯ) ದೈವದ ಗುಡಿ ಇರುತ್ತದೆ, ಹಿರಿಯರನ್ನು ಸುಟ್ಟ ಜಾಗ ಇರುತ್ತದೆ. ಪರಿಹಾರದ ಅರ್ಜಿಯಲ್ಲಿ ಅದಕ್ಕೆ ಕಾಲಂ ಇಲ್ಲ. ನ್ಯಾಯಾಲಯಗಳು ಇದಕ್ಕೊಂದು ದಾರಿ ಕಂಡುಕೊಳ್ಳಲೇಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಕಸದ ಕಾನೂನು ಹುಟ್ಟಿದ್ದರ ಹಿಂದೆ ನಮ್ಮ ರಾಜ್ಯದವರೇ ಇದ್ದಾರೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದಲೇ 2000ದ ಪುರಸಭಾ ಘನತ್ಯಾಜ್ಯ ನಿಯಮಗಳು ಬಂದವು. ಆ ಪ್ರಕರಣ ಆಮೇಲೆ ಹಸಿರು ನ್ಯಾಯಮಂಡಳಿಗೆ ಹೋಗಿ 2016ರ ಡಿಸೆಂಬರಿನಲ್ಲಿ ತೀರ್ಮಾನವಾಯಿತು. ಬಯಲಲ್ಲಿ ಕಸ ಸುಟ್ಟರೆ 5 ಸಾವಿರ, ದೊಡ್ಡ ಮಟ್ಟದಲ್ಲಿ ಸುಟ್ಟರೆ 25 ಸಾವಿರ ರೂಪಾಯಿ ದಂಡ ಎಂಬುದು ಆ ಆದೇಶದಿಂದಲೇ ಬಂದದ್ದು. 2016ರಲ್ಲಿ ಹೊಸ ಘನತ್ಯಾಜ್ಯ ನಿಯಮಗಳೂ ಬಂದವು. ಹಳೆ ಕಸದ ರಾಶಿಗಳನ್ನು 5 ವರ್ಷದಲ್ಲಿ ಕರಗಿಸಬೇಕು ಇಲ್ಲವೇ ಸರಿಯಾಗಿ ಮುಚ್ಚಬೇಕು ಎಂದು ಅದರಲ್ಲಿತ್ತು. ಕಸ ಹೂಳುವ ಜಾಗ ನದಿಯಿಂದ 100 ಮೀಟರ್, ಮನೆಗಳಿಂದ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್, ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ದೂರ ಇರಬೇಕು ಎಂದೂ ಇತ್ತು. ಪಚ್ಚನಾಡಿಯ ಯಾರ್ಡ್ ಈ ನಿಯಮಕ್ಕಿಂತ ಹಳೆಯದು, ಸರಿ. ಆದರೂ ಅಲ್ಲಿಂದ ಬಜಪೆಯ ವಿಮಾನ ನಿಲ್ದಾಣ ಎಷ್ಟು ದೂರ ಎಂದು ನಿಮಗೇ ಗೊತ್ತು.

ಮುಂಬೈಯ ದೇವನಾರ್ ಕಸದ ಯಾರ್ಡಿನ ಬಗ್ಗೆ ಬಂದ ಒಂದು ಲೇಖನ ನೋಡಿ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತ್ತು. ಹಾಗೆ ತೆಗೆದುಕೊಳ್ಳುವ ಅಧಿಕಾರ ಅದಕ್ಕಿದೆಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಇದೆ ಎಂದು 2021ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಅಂದರೆ ನಮ್ಮ ಊರಿನ ವರದಿಗಾರರು ಬರೆಯುವ ಒಂದು ವಿವರವಾದ ವರದಿ, ತಾರೀಕು, ಜಾಗ, ಫೋಟೋ ಸರಿಯಾಗಿ ಇದ್ದರೆ, ಕೇಸೇ ಆಗಬಹುದು. ಇಲ್ಲಿ ಪತ್ರಿಕೆಯವರು ಇದ್ದೀರಿ, ನಿಮ್ಮ ಕೆಲಸಕ್ಕೆ ಅಷ್ಟು ತೂಕ ಇದೆ.

ಪಚ್ಚನಾಡಿಗೆ ಹಾಕಬೇಡಿ ಅಂದರೆ ಬೇರೆ ಎಲ್ಲಿ ಹಾಕುವುದು? ಉಡುಪಿಯ ಕಸ ಅಲೆವೂರಿನ ಕರ್ವಾಲಿಗೆ ಹೋಗುತ್ತದೆ. ಅಲ್ಲಿಯವರಿಗೂ ಮೂಗು ಇದೆ. ಹಸಿ ಕಸ ಹುಟ್ಟಿದ ವಾರ್ಡಿನಲ್ಲೇ ಗೊಬ್ಬರವಾದರೆ ಗುಡ್ಡ ಬೆಳೆಯುವುದಿಲ್ಲ. ಕಪ್ಪು ನೀರು ಬರುವುದು ಹಸಿ ಕಸದಿಂದ, ನಾರುವುದೂ ಅದೇ, ಗುಡ್ಡ ಜಾರುವುದಕ್ಕೂ ಒಳಗಿನ ನೀರೇ ಕಾರಣ. ನಮ್ಮಂಥ ಮಳೆ ಬೀಳುವ ಊರಿನಲ್ಲಿ ಬೆರೆತ ಕಸದ ಗುಡ್ಡ ಕಟ್ಟುವುದು ಯಾವ ಕಾನೂನಿಗೂ ನಿಲುಕದ ಅಪಾಯ. ವಾರ್ಡ್ ಸಮಿತಿಯಲ್ಲಿ ಇದನ್ನು ಹಿಡಿದು ಕೇಳುವುದು ಕೋರ್ಟಿಗಿಂತ ಬೇಗ ಆಗುವ ಕೆಲಸ ಮಾರಾಯ್ರೆ.

ವಿದ್ಯುತ್ ಮಾರ್ಗದ ವಿಷಯ ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಅಲ್ಲಿ ಕಾನೂನು ನಮಗೆ ತೀರ ಕಡಿಮೆ ಕೊಟ್ಟಿದೆ. ಉಡುಪಿಯಿಂದ ಕಾಸರಗೋಡಿಗೆ ಹೋಗುವ 400 ಕೆವಿ ಲೈನಿಗೆ ಪರಿಸರ ಪರಿಣಾಮ ಅಧ್ಯಯನವೇ ಬೇಕಿಲ್ಲ, ಹಾಗಾಗಿ ಅಹವಾಲು ಸಭೆಯೂ ಇಲ್ಲ. ಕಾಡು ಸಿಕ್ಕಿದರೆ ಮಾತ್ರ ಅರಣ್ಯ ಅನುಮತಿ. ಟವರ್ ಹಾಕಲು 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಬಳಸುತ್ತಾರೆ. ಬ್ರಿಟಿಷರು ತಂತಿ ಎಳೆಯಲು ಮಾಡಿದ ಕಾಯ್ದೆ. ಜಮೀನು ಮಾಲೀಕರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ತಂತಿಯಡಿಯ ಸುಮಾರು 46 ಮೀಟರ್ ಅಗಲದಲ್ಲಿ ತೆಂಗು, ಅಡಿಕೆ ಬೆಳೆಸುವಂತಿಲ್ಲ. ಭತ್ತದ ಬಯಲಿಗೆ ಇದು ಅಷ್ಟು ನಷ್ಟ ಅಲ್ಲ. ನಮ್ಮ ತುಂಡು ತುಂಡು ತೋಟಗಳಲ್ಲಿ ಇಡೀ ಸಂಸಾರದ ಆದಾಯವೇ ಆ 46 ಮೀಟರಿನಲ್ಲಿ ಇರುತ್ತದೆ. 2024ರ ಜೂನ್‌ನಲ್ಲಿ ಕೇಂದ್ರ ಇಂಧನ ಸಚಿವಾಲಯ ಮಾರ್ಗಸೂಚಿ ಬದಲಿಸಿ ಟವರಿನ ಬುಡದ ಜಾಗಕ್ಕೆ ಜಮೀನಿನ ಬೆಲೆಯ 200%, ತಂತಿಯ ದಾರಿಗೆ 30% ಎಂದು ಹೇಳಿದೆ. ಮೊದಲು 85% ಮತ್ತು 15% ಇತ್ತು. ಇಲ್ಲೂ ಮರಗಳ ವಯಸ್ಸು, ಇಳುವರಿ, ರಶೀದಿ ಇಟ್ಟುಕೊಂಡವರು ಚೌಕಾಸಿಯಲ್ಲಿ ಮೇಲೆ ಇರುತ್ತಾರೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬರು ಹಿರಿಯರು, "ಚೆನ್ನೈಗೆ ಹೋಗಿ ಕೇಸು ನಡೆಸುವಷ್ಟು ದುಡ್ಡು ಯಾರ ಹತ್ತಿರ ಇದೆ?" ಎಂದು ಕೇಳಿದರು. ನ್ಯಾಯಮಂಡಳಿಯ ಅರ್ಜಿ ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಕೇಳಿದ ಮೊತ್ತದ 1%, ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ನೀವೇ ವಾದಿಸಬಹುದು. ಈಗ ವಿಡಿಯೊ ಮೂಲಕವೂ ವಿಚಾರಣೆ ನಡೆಯುತ್ತದೆ. ನಿಜವಾದ ಖರ್ಚು ತಜ್ಞರ ವರದಿಗೆ, ಅನುವಾದಕ್ಕೆ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಜೊತೆಗಿಡಬೇಕು. ಅದನ್ನು ಊರಿನ ಕಾಲೇಜಿನ ಮಕ್ಕಳು ಮಾಡಿಕೊಟ್ಟರೆ ಅರ್ಧ ಭಾರ ಇಳಿಯುತ್ತದೆ.

ಒಬ್ಬ ಹುಡುಗಿ, ಕಾನೂನು ಓದುತ್ತಿರುವವಳು, "ಅಭಿವೃದ್ಧಿಗೆ ಅಡ್ಡಿ ಎಂಬ ಮಾತಿಗೆ ಏನು ಹೇಳಬೇಕು ಸರ್?" ಅಂದಳು. ಕೋಟ ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣು ಸ್ಥಾವರವನ್ನು ವಿರೋಧಿಸಿ ಲೋಕಸಭಾ ಚುನಾವಣೆಗೇ ನಿಂತಿದ್ದರು. ಸೋತರು. ಸ್ಥಾವರವೂ ಬಂತು. ಆದರೆ ಇಂಥ ಸ್ಥಾವರ ಯಾರಿಗೆ, ಯಾರ ನೆಲದ ಮೇಲೆ, ಎಂದು ಕೇಳುವುದು ನಾಗರಿಕರ ಹಕ್ಕು ಎಂಬುದನ್ನು ಆ ವಯಸ್ಸಿನಲ್ಲಿ ಊರೂರಿಗೆ ಹೋಗಿ ಹೇಳಿದರು. ಅಹವಾಲು ಸಭೆ ಕಾನೂನಾಗಿ ಬರುವ ಮೊದಲಿನ ಮಾತು ಅದು. ಪ್ರಶ್ನೆ ಕೇಳುವುದನ್ನೇ ಅಡ್ಡಿ ಅನ್ನುವವರಿಗೆ ಕಾನೂನೇ ಉತ್ತರ ಕೊಟ್ಟಿದೆ. ಅಹವಾಲು ಸಭೆ ಯೋಜನೆಯ ಒಂದು ಹಂತ, ಅದಕ್ಕೆ ಅಡ್ಡಿ ಅಲ್ಲ.

ಕೊನೆಯ ಪ್ರಶ್ನೆ ಪಡುಬಿದ್ರಿ ಕಡೆಯ ಒಬ್ಬ ತಾಯಿಯದ್ದು. "ಬಾವಿ ನೀರು ಪರೀಕ್ಷೆ ಮಾಡಿಸಬೇಕು ಅಂದಿರಿ. ಏನು ಅಂತ ಬರೆಸಬೇಕು?"

ಅಮ್ಮ, ವರ್ಷಕ್ಕೆ ಎರಡು ಸಲ ಮಾಡಿಸಿ. ಮಳೆ ಶುರುವಾಗುವ ಮೊದಲು ಮೇ ಕೊನೆಗೆ ಒಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲಿ ಇನ್ನೊಮ್ಮೆ. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬನ್ನೇ ಹುಡುಕಿ. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ), ಟಿಡಿಎಸ್ (ನೀರಲ್ಲಿ ಕರಗಿದ ಒಟ್ಟು ಘನವಸ್ತು), ಕ್ಲೋರೈಡ್ (ಉಪ್ಪಿನಂಶ), ಇಷ್ಟು ಸಾಕು ಶುರುವಿಗೆ. ಬೂದಿ ಹೊಂಡ ಹತ್ತಿರ ಇದ್ದರೆ ಭಾರಲೋಹಗಳನ್ನೂ ಸೇರಿಸಿ, ಅದಕ್ಕೆ ದುಡ್ಡು ಜಾಸ್ತಿ ಆಗುತ್ತದೆ, ನಾಲ್ಕು ಮನೆಯವರು ಸೇರಿ ಒಂದು ಬಾವಿಯದ್ದು ಮಾಡಿಸಿ. ಕುಡಿಯುವ ನೀರಿನಲ್ಲಿ ಲೀಟರಿಗೆ ಕ್ಲೋರೈಡ್ 250 ಮಿಲಿಗ್ರಾಂ, ಟಿಡಿಎಸ್ 500 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದಿದ್ದರೆ 1000 ಮತ್ತು 2000ದವರೆಗೆ ಒಪ್ಪುತ್ತಾರೆ. ಬಾಟಲಿಗೆ ನೀರು ತುಂಬುವಾಗ ಪಂಚಾಯತಿ ಸದಸ್ಯರನ್ನೋ ಶಾಲೆಯ ಮೇಷ್ಟ್ರನ್ನೋ ಕರೆದು ನಿಲ್ಲಿಸಿ, ತಾರೀಕು, ಹೊತ್ತು, ಬಾವಿಯ ಸರ್ವೆ ನಂಬರು ಬರೆದು ಅವರ ಸಹಿ ತೆಗೆದುಕೊಳ್ಳಿ. ರಿಪೋರ್ಟ್ ಬಂದ ಮೇಲೆ ಅದರ ಒಂದು ಪ್ರತಿಯನ್ನು ಅರ್ಜಿಯ ಜೊತೆ ಪಂಚಾಯತಿಗೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಆವಕ ನಂಬರು, ಸೀಲು ಹಾಕಿಸಿಕೊಳ್ಳಿ. ಆ ಸೀಲಿನ ತಾರೀಕನ್ನು ಆಮೇಲೆ ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಈ ಮೇ ತಿಂಗಳಿಗೇ ಶುರು ಮಾಡಿ.